ಸದ್ದಿಲ್ಲದ ಒಂದು ಕೂಗು...

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯಿತು. "ಏನ್ರೀ, ಅಂಗಡಿ ಮುಚ್ಚಿಬಿಟ್ರಾ?" ಅಂತ ಇಬ್ಬರು ಗೆಳೆಯರು ಮೇಲ್ ಮಾಡಿ ಕೇಳಿದ್ದರು. ಮುಚ್ಚಿಲ್ಲ, ಬೀಗ ಹಾಕಿಕೊಂಡು ಊರಿಗೆ ಹೋಗಿದ್ದೆ ಅಂದುಕೊಳ್ಳಿ :-) ಇವತ್ತು ಬೀಗ ತೆಗೆಯೋದಕ್ಕೆ ಕಾರಣ ಒಂದು ಹಳೆಯ ಕಪ್ಪು-ಬಿಳುಪು ಫೋಟೋ.

ನಾನು ಹೊಟ್ಟೆಪಾಡಿಗೆ ಸಿಂಗಪುರದಲ್ಲಿ ಇರೋನು ಅಂತ ಹಳೆಯ ಓದುಗರಿಗೆ ಗೊತ್ತು. ಇಲ್ಲಿ ಬೀಚ್ ರೋಡ್ ಪಕ್ಕದ ಪಾರ್ಕಿನಲ್ಲಿ ಒಂದು ಸ್ಮಾರಕ ಇದೆ. ನಾಲ್ಕು ಬಿಳಿ ಕಂಬಗಳು, ಅರವತ್ತೈದು ಮೀಟರಿಗೂ ಎತ್ತರ, ಬುಡದಲ್ಲಿ ಒಂದಕ್ಕೊಂದು ಸೇರಿಕೊಂಡು ನಿಂತಿವೆ. ಊರಿನವರು ಅದನ್ನ ತಮಾಷೆಗೆ 'ಚಾಪ್‌ಸ್ಟಿಕ್ಸ್' ಅಂತಾರೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಆಳ್ವಿಕೆಯಲ್ಲಿ ಸತ್ತ ಸಾಮಾನ್ಯ ಜನರಿಗಾಗಿ 1967ರಲ್ಲಿ ಕಟ್ಟಿದ್ದು. ನಾಲ್ಕು ಕಂಬ ಅಂದರೆ ಇಲ್ಲಿನ ನಾಲ್ಕು ಸಮುದಾಯಗಳು, ಅದರಲ್ಲಿ ಒಂದು ಕಂಬ ಭಾರತೀಯರದ್ದು. ಎಷ್ಟೋ ಸಲ ಮಧ್ಯಾಹ್ನದ ಊಟ ಮುಗಿಸಿ ಅದರ ನೆರಳಲ್ಲಿ ನಡೆದಿದ್ದೇನೆ. ಒಂದು ದಿನವೂ ನಿಂತು ನೋಡಿರಲಿಲ್ಲ.

ಮೊನ್ನೆ ನಿಂತೆ. ಸಂಜೆ ಮನೆಗೆ ಬಂದು 1942ರ ಸಿಂಗಪುರದ ಬಗ್ಗೆ ಹುಡುಕುತ್ತಾ ಕೂತೆ. ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಹಾರುತ್ತಾ ಯಾವಾಗಲೋ ಬರ್ಲಿನ್ನಿಗೆ ಬಂದುಬಿಟ್ಟಿದ್ದೆ! ಪರದೆಯ ಮೇಲೆ ಒಬ್ಬ ಹೆಂಗಸು. ಗಿಡ್ಡ ಪೀಠದ ಮೇಲೆ ಕೂತಿದ್ದಾಳೆ, ಕೈಗಳು ಮಡಿಲಲ್ಲಿವೆ. ತಲೆ ಹಿಂದಕ್ಕೆ ವಾಲಿದೆ, ಬಾಯಿ ಪೂರ್ತಿ ತೆರೆದಿದೆ. ಫೋಟೋದಲ್ಲಿ ಶಬ್ದ ಇರೋದಿಲ್ಲ ನಿಜ, ಆದರೆ ಆ ಫೋಟೋ ತೆಗೆದ ಗಳಿಗೆಯಲ್ಲೂ ಶಬ್ದ ಇರಲಿಲ್ಲವಂತೆ. ಆಕೆ ಕೂಗಲೇ ಇಲ್ಲ.

ಆಕೆಯ ಹೆಸರು ಹೆಲೆನೆ ವೈಗೆಲ್. ಜರ್ಮನ್ ರಂಗಭೂಮಿಯ ದೊಡ್ಡ ನಟಿ. ನಾಟಕಕಾರ ಬರ್ಟೋಲ್ಟ್ ಬ್ರೆಕ್ಟನ ಹೆಂಡತಿ ಅಂದರೆ ನಮ್ಮಲ್ಲಿ ಕೆಲವರಿಗಾದರೂ ಗೊತ್ತಾಗಬಹುದು. ಆದರೆ 'ಇಂಥವರ ಹೆಂಡತಿ' ಅಂತ ಹೇಳಿ ಮುಗಿಸೋ ಜೀವ ಅಲ್ಲ ಅದು. ಅದಕ್ಕೇ ಈ ಬರಹ.

*

ಹೆಲೆನೆ ಹುಟ್ಟಿದ್ದು 1900ರ ಮೇ 12ರಂದು, ವಿಯೆನ್ನಾದ ಒಂದು ಯಹೂದಿ ಕುಟುಂಬದಲ್ಲಿ. ನಾಟಕದ ಹುಚ್ಚು ಚಿಕ್ಕಂದಿನಿಂದ. ಹದಿಹರೆಯದಲ್ಲಿ ಒಬ್ಬ ನಾಟಕ ಕಂಪನಿ ನಿರ್ದೇಶಕನ ಮುಂದೆ ಪರೀಕ್ಷೆಗೆ ನಿಂತಾಗ ಅಲ್ಲಿ ಕಾರಿನ್ ಮಿಖಾಯೆಲಿಸ್ ಅನ್ನುವ ಡೆನ್ಮಾರ್ಕಿನ ಲೇಖಕಿಯೂ ಕೂತಿದ್ದರು. ಈ ಹುಡುಗಿಯ ಅಭಿನಯ ನೋಡಿ ಬೆರಗಾಗಿ ಆಮೇಲೆ ಅದರ ಬಗ್ಗೆ ಬರೆದರು. ಈ ಲೇಖಕಿಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ವಿಯೆನ್ನಾದಿಂದ ಫ್ರಾಂಕ್‌ಫರ್ಟಿಗೆ, ಅಲ್ಲಿಂದ 1922ರಲ್ಲಿ ಬರ್ಲಿನ್ನಿಗೆ. ಮಾರನೇ ವರ್ಷ ಬ್ರೆಕ್ಟನ ಪರಿಚಯ. 1924ರಲ್ಲಿ ಮಗ ಸ್ಟೆಫಾನ್, 1929ರಲ್ಲಿ ಮದುವೆ, 1930ರಲ್ಲಿ ಮಗಳು ಬಾರ್ಬರಾ. (ಹೌದು, ಇದೇ ಕ್ರಮದಲ್ಲಿ!)

ಶುರುವಿನಲ್ಲಿ ಆಕೆ ರಂಗದ ಮೇಲೆ ಕಿರುಚಾಡುವ, ಅಬ್ಬರದ ನಟಿಯಾಗಿದ್ದಳಂತೆ. ಆ ಕಾಲದ ಜರ್ಮನ್ ನಾಟಕದ ಶೈಲಿಯೇ ಹಾಗಿತ್ತು. ಆಮೇಲೆ ಆಕೆ ದನಿ ಇಳಿಸಿದಳು. 1929ರಲ್ಲಿ ಬರ್ಲಿನ್ನಿನಲ್ಲಿ ಈಡಿಪಸ್ ನಾಟಕ ಆಡಿದಾಗ ಹೆಲೆನೆಗೆ ಸಿಕ್ಕಿದ್ದು ಒಬ್ಬ ದಾಸಿಯ ಪಾತ್ರ. ರಾಣಿ ಯೊಕಾಸ್ಟಾ ಸತ್ತಳು ಅಂತ ಬಂದು ಹೇಳಬೇಕು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಎದೆ ಬಡಿದುಕೊಂಡು ಹೇಳುತ್ತಿದ್ದರು. ಹೆಲೆನೆ ಅಳಲಿಲ್ಲ. ಆದದ್ದನ್ನು ಆದ ಹಾಗೆ, ಗಟ್ಟಿಯಾಗಿ, ಯಾರೂ ಅಲ್ಲಗಳೆಯಲಾಗದ ಹಾಗೆ ಹೇಳಿದಳು. ಬ್ರೆಕ್ಟ್ ಇದನ್ನ ಬಹಳ ಮೆಚ್ಚಿಕೊಂಡು ಬರೆದಿದ್ದಾನೆ. ಪ್ರೇಕ್ಷಕ ನಟಿಯ ಜೊತೆ ಸೇರಿ ಅತ್ತು ಹಗುರಾಗಿ ಮನೆಗೆ ಹೋಗಬಾರದು, ಏನಾಯ್ತು, ಯಾಕಾಯ್ತು ಅಂತ ಯೋಚನೆ ಮಾಡಬೇಕು ಅನ್ನೋದು ಅವನ ಹಠ. ಆ ಹಠಕ್ಕೆ ಮೈ, ಮುಖ, ದನಿ ಕೊಟ್ಟವಳು ಹೆಲೆನೆ.

1932ರಲ್ಲಿ ಗೋರ್ಕಿಯ ಕಾದಂಬರಿ ಆಧರಿಸಿ ಬ್ರೆಕ್ಟ್ ಬರೆದ 'ತಾಯಿ' ನಾಟಕದಲ್ಲಿ ಪೆಲಗೇಯಾ ವ್ಲಾಸೋವಾ ಪಾತ್ರ. ಆಕೆಗೆ ಆಗ ಮೂವತ್ತೆರಡೂ ತುಂಬಿರಲಿಲ್ಲ, ಆಡಿದ್ದು ವಯಸ್ಸಾದ ಕೂಲಿ ಹೆಂಗಸನ್ನು. ಇನ್ನೇನು ದೊಡ್ಡ ಹೆಸರಾಯಿತು ಅನ್ನುವಷ್ಟರಲ್ಲಿ...

*

1933ರ ಫೆಬ್ರವರಿ 27ರ ರಾತ್ರಿ ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ಗಂಡ ಹೆಂಡತಿ ದೇಶ ಬಿಟ್ಟರು. ಹಿಟ್ಲರ್ ಬಂದಾಗಿತ್ತು. ಆಕೆ ಯಹೂದಿ, ಇಬ್ಬರೂ ಎಡಪಂಥದವರು. ಉಳಿದಿದ್ದರೆ ಏನಾಗುತ್ತಿತ್ತು ಅಂತ ಹೇಳಬೇಕಾಗಿಲ್ಲ.

ಆಗ ಆಸರೆ ಕೊಟ್ಟವರು ಯಾರು ಗೊತ್ತಾ? ಅದೇ ಕಾರಿನ್ ಮಿಖಾಯೆಲಿಸ್. ಡೆನ್ಮಾರ್ಕಿನ ತಮ್ಮ ದ್ವೀಪದಲ್ಲಿ ಇವರನ್ನ ಇಟ್ಟುಕೊಂಡರು. ಆಮೇಲೆ ಅಲ್ಲೇ ಹತ್ತಿರ ಸ್ವೆಂಡ್‌ಬೋರ್ಗ್ ಬಳಿ ಒಂದು ಹುಲ್ಲು ಮಾಡಿನ ಮನೆ. 1939ರಲ್ಲಿ ಸ್ವೀಡನ್, 1940ರಲ್ಲಿ ಫಿನ್ಲೆಂಡ್, 1941ರಲ್ಲಿ ಮಾಸ್ಕೋ, ಅಲ್ಲಿಂದ ಇಡೀ ಸೈಬೀರಿಯಾ ದಾಟಿ ವ್ಲಾಡಿವೊಸ್ಟಾಕ್, ಕೊನೆಗೆ ಹಡಗು ಹತ್ತಿ ಕ್ಯಾಲಿಫೋರ್ನಿಯಾ. ಎರಡು ಮಕ್ಕಳು, ಪೆಟ್ಟಿಗೆಗಳು, ಪಾತ್ರೆಗಳು. ಹೋದಲ್ಲೆಲ್ಲ ಹೊಸದಾಗಿ ಒಲೆ ಹೂಡುವ ಕೆಲಸ ಹೆಲೆನೆಯದು.

ನಟಿಗೆ ಭಾಷೆ ಹೋದರೆ ಏನು ಉಳಿಯುತ್ತೆ ಹೇಳಿ? ಬರೆಯುವವನು ಎಲ್ಲಾದರೂ ಕೂತು ಬರೆದು ಪೆಟ್ಟಿಗೆಯಲ್ಲಿ ಇಡಬಹುದು. ನಟಿ ಅಭಿನಯವನ್ನ ಪೆಟ್ಟಿಗೆಯಲ್ಲಿ ಇಡೋಕಾಗಲ್ಲ. ಪ್ಯಾರಿಸ್ಸಿನಲ್ಲಿ 1937, 38ರಲ್ಲಿ ದೇಶಭ್ರಷ್ಟ ಜರ್ಮನ್ನರು ಸೇರಿ ಆಡಿದ ನಾಟಕಗಳಲ್ಲಿ ಒಂದೆರಡು ಪಾತ್ರ ಸಿಕ್ಕಿದ್ದು ಬಿಟ್ಟರೆ ಹೆಚ್ಚುಕಡಿಮೆ ಹದಿನೈದು ವರ್ಷ ರಂಗ ಇಲ್ಲ. ಮೂವತ್ತೆರಡರಿಂದ ನಲವತ್ತೇಳರವರೆಗೆ. ಸ್ವೀಡನ್ನಿನಲ್ಲಿದ್ದಾಗ 1939ರಲ್ಲಿ ಬ್ರೆಕ್ಟ್ 'ಮದರ್ ಕರೇಜ್' ಬರೆದ. ಅದರಲ್ಲಿ ಕಟ್ರೀನ್ ಅನ್ನುವ ಮೂಕ ಹುಡುಗಿಯ ಪಾತ್ರ ಇದೆ. ಅಲ್ಲಿಯ ಭಾಷೆ ಬರದ ಹೆಂಡತಿಯೂ ಆಡಲಿ ಅಂತಲೇ ಆ ಪಾತ್ರವನ್ನ ಮೂಕಿ ಮಾಡಿದ ಅಂತ ಹೇಳುತ್ತಾರೆ. ಆ ಅವಕಾಶವೂ ಬರಲಿಲ್ಲ.

ಹಾಲಿವುಡ್ ಪಕ್ಕದ ಸಾಂಟಾ ಮೋನಿಕಾದಲ್ಲಿ ಆರು ವರ್ಷ ಇದ್ದಳು. ಜಗತ್ತಿನ ಸಿನಿಮಾ ಎಲ್ಲ ತಯಾರಾಗುವ ಊರು! ಸಿಕ್ಕಿದ್ದು ಒಂದೇ ಒಂದು ಪಾತ್ರ, 1944ರ 'ದಿ ಸೆವೆಂತ್ ಕ್ರಾಸ್' ಚಿತ್ರದಲ್ಲಿ. ಅದೂ ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚಿಕ್ಕದು, ಮಾತೇ ಇಲ್ಲ. ಉಳಿದ ದಿನವೆಲ್ಲ ಅಡುಗೆ, ಹೊಲಿಗೆ, ಹಳೆ ಪೀಠೋಪಕರಣ ತಂದು ತಿಕ್ಕಿ ಹೊಸದು ಮಾಡೋದು, ಬಂದ ನಂಟರಿಗೆ ಬಡಿಸೋದು. ಒಳ್ಳೆ ಅಡುಗೆಯವಳು ಅಂತ ಹೆಸರಾಗಿತ್ತಂತೆ. ಓದುವಾಗ ಅದು ಹೊಗಳಿಕೆಯೋ ಅಲ್ಲವೋ ಅಂತ ನನಗೆ ಗೊತ್ತಾಗಲಿಲ್ಲ. ಗಂಡನ ಬೇರೆ ಬೇರೆ ಪ್ರೇಮ ಪ್ರಕರಣಗಳೂ ಜೊತೆಗೇ ನಡೆದಿದ್ದವು, ಅದೇನೂ ಗುಟ್ಟಲ್ಲ. ಆ ಹೆಂಗಸರಿಗೂ ಈಕೆಯೇ ಬಡಿಸಿದ್ದಾಳೆ. ಬ್ರೆಕ್ಟನ ನಾಟಕ ಇಷ್ಟ ಅಂತ ಅವನ ಸಂಸಾರವನ್ನೂ ಇಷ್ಟಪಡೋದು ನನ್ನಿಂದ ಆಗದು.

*

1947ರ ಅಕ್ಟೋಬರ್ 30ರಂದು ಅಮೆರಿಕದ ಸಂಸದೀಯ ಸಮಿತಿ ಬ್ರೆಕ್ಟನನ್ನ ಕರೆದು ಕಮ್ಯುನಿಸ್ಟ್ ಪಕ್ಷದ ಸದಸ್ಯನೋ ಅಂತ ವಿಚಾರಣೆ ಮಾಡಿತು. ಮಾರನೇ ದಿನ ಅವನು ಯುರೋಪಿನ ವಿಮಾನ ಹತ್ತಿದ. 1948ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಖೂರ್ ಅನ್ನುವ ಸಣ್ಣ ಊರಿನಲ್ಲಿ ಹೆಲೆನೆ ಮತ್ತೆ ರಂಗ ಹತ್ತಿದಳು, ಆಂಟಿಗೊನೆಯಾಗಿ. ಆಂಟಿಗೊನೆ ಮದುವೆಯಾಗದ ಹುಡುಗಿ, ಹೆಲೆನೆಗೆ ನಲವತ್ತೇಳು! ಇಷ್ಟು ವರ್ಷ ಆದಮೇಲೆ ಇನ್ನೂ ಬರುತ್ತದೋ ಇಲ್ಲವೋ ಅಂತ ನೋಡಿಕೊಳ್ಳಲು ಆಡಿದ ಹಾಗಿತ್ತು. ಬಂತು.

1949ರ ಜನವರಿ 11. ಬರ್ಲಿನ್ನಿನ ಡಾಯ್ಚೆಸ್ ಥಿಯೇಟರ್. ಹೊರಗೆ ಬಾಂಬು ಬಿದ್ದು ನೆಲಸಮವಾದ ಊರು. ಒಳಗೆ ಮಗ, ಗಂಡ, ಮನೆ ಕಳೆದುಕೊಂಡ ಜನ ಕೂತಿದ್ದಾರೆ. ರಂಗದ ಮೇಲೆ 'ಮದರ್ ಕರೇಜ್'.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಹದಿನೇಳನೇ ಶತಮಾನದ ಮೂವತ್ತು ವರ್ಷಗಳ ಯುದ್ಧದ ಕಾಲ. ಕರೇಜ್ ಅನ್ನೋ ಹೆಂಗಸು ತಳ್ಳುಗಾಡಿ ಅಂಗಡಿ ಇಟ್ಟುಕೊಂಡು ಸೈನ್ಯದ ಹಿಂದೆಯೇ ಹೋಗುತ್ತಾಳೆ. ಯುದ್ಧ ಇದ್ದರೆ ವ್ಯಾಪಾರ, ನಿಂತರೆ ನಷ್ಟ. ಆದರೆ ಮೂರೂ ಮಕ್ಕಳು ಆ ಯುದ್ಧಕ್ಕೇ ಬಲಿಯಾಗುತ್ತಾರೆ. ಎರಡನೇ ಮಗನಿಗೆ ಸ್ವಿಸ್ ಚೀಸ್ ಅಂತ ವಿಚಿತ್ರ ಅಡ್ಡಹೆಸರು, ಪಾಪದ ಪ್ರಾಮಾಣಿಕ ಹುಡುಗ. ಅವನು ಶತ್ರುಗಳ ಕೈಗೆ ಸಿಕ್ಕಿಬೀಳುತ್ತಾನೆ. ಇನ್ನೂರು ಗಿಲ್ಡರ್ ಲಂಚ ಕೊಟ್ಟರೆ ಬಿಡುತ್ತಾರೆ. ಗಾಡಿ ಅಡವಿಟ್ಟರೆ ದುಡ್ಡು ಹುಟ್ಟುತ್ತೆ, ಆದರೆ ಆಮೇಲೆ ಹೊಟ್ಟೆಗೇನು? ಕರೇಜ್ ಚೌಕಾಸಿ ಮಾಡುತ್ತಾಳೆ. ನೂರಿಪ್ಪತ್ತಕ್ಕೆ ಆಗುತ್ತಾ ಅಂತ ಕೇಳಿಸುತ್ತಾಳೆ. ಚೌಕಾಸಿ ಕೊಂಚ ಹೆಚ್ಚಾಯಿತು. ದೂರದಲ್ಲಿ ಗುಂಡಿನ ಸದ್ದು.

ಆಗ ಆ ಕೂಗು. ತಲೆ ಹಿಂದಕ್ಕೆ, ಬಾಯಿ ಅಗಲಕ್ಕೆ, ಸದ್ದು ಸೊನ್ನೆ.

ಸ್ವಲ್ಪ ಹೊತ್ತಿಗೆ ಹೆಣ ತಂದು ಮುಂದೆ ಇಟ್ಟು "ಇವನು ಗೊತ್ತಾ?" ಅಂತ ಕೇಳುತ್ತಾರೆ. ಗೊತ್ತು ಅಂದರೆ ಉಳಿದವರಿಗೂ ಆಪತ್ತು. ಕರೇಜ್ ಇಲ್ಲ ಅಂತ ತಲೆ ಆಡಿಸುತ್ತಾಳೆ. ಹೆಣ ಗುಂಡಿಗೆ ಹೋಗುತ್ತೆ.

ಬ್ರೆಕ್ಟನ ಟಿಪ್ಪಣಿಯ ಪ್ರಕಾರ ಆ ಮೂಕ ಕೂಗು ಗುಂಡಿನ ಸದ್ದು ಕೇಳಿದಾಗ. ವಿಮರ್ಶಕ ಜಾರ್ಜ್ ಸ್ಟೈನರ್ ತಾನು ನೋಡಿದ್ದನ್ನು 1961ರ ಪುಸ್ತಕದಲ್ಲಿ ಬರೆಯುವಾಗ, ಹೆಣ ಎತ್ತಿಕೊಂಡು ಹೋಗುವಾಗ ಅಂತ ನೆನಪಿಸಿಕೊಳ್ಳುತ್ತಾನೆ. ಪಿಕಾಸೊನ 'ಗೆರ್ನಿಕಾ' ಚಿತ್ರದಲ್ಲಿ ಬಾಯಿ ತೆರೆದ ಕುದುರೆ ಇದೆಯಲ್ಲ, ಅದರ ನೆನಪಾಯಿತಂತೆ ಅವನಿಗೆ. ಎಲ್ಲಿ ಅನ್ನೋದು ಬೇರೆಯಾದರೂ ನೋಡಿದವರು ಯಾರೂ ಮರೆಯಲಿಲ್ಲ.

*

ಈಗ ನಾನು ಎಲ್ಲಿಂದ ಹೊರಟೆನೋ ಅಲ್ಲಿಗೆ ಬರುತ್ತೇನೆ. ಈ ಮುಖಭಾವ ಎಲ್ಲಿಂದ ಬಂತು ಅಂತ ಬ್ರೆಕ್ಟ್ ಅದೇ ಟಿಪ್ಪಣಿಯಲ್ಲಿ ಒಂದು ಊಹೆ ಬರೆದಿದ್ದಾನೆ. ಸಿಂಗಪುರದ ಮೇಲೆ ದಾಳಿ ಆದಾಗ ಸತ್ತ ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತ ಒಬ್ಬ ಭಾರತೀಯ ಹೆಂಗಸಿನ ಪತ್ರಿಕಾ ಫೋಟೋ. ವರ್ಷಗಳ ಹಿಂದೆ ಹೆಲೆನೆ ಅದನ್ನ ಎಲ್ಲೋ ನೋಡಿರಬೇಕು. ಆಮೇಲೆ ಕೇಳಿದರೆ ಆಕೆಗೆ ನೆನಪೇ ಇರಲಿಲ್ಲವಂತೆ. ಸಿಂಗಪುರದ ಅಂಥದೇ ಒಂದು ಚಿತ್ರ, ಬ್ರೆಕ್ಟ್ ಯುದ್ಧದ ಫೋಟೋಗಳಿಗೆ ಪದ್ಯ ಬರೆದು 1955ರಲ್ಲಿ ತಂದ ಪುಸ್ತಕದಲ್ಲೂ ಇದೆ.

ಇದನ್ನ ಓದಿದಾಗ ರಾತ್ರಿ ಒಂದೂವರೆ. ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತೆ. 1941ರ ಡಿಸೆಂಬರ್ 8ರಿಂದ ಬಾಂಬು ಬೀಳಲು ಶುರುವಾಗಿ 1942ರ ಫೆಬ್ರವರಿ 15ಕ್ಕೆ ಶರಣಾದ ಊರು ಇದೇ. ಇಲ್ಲೇ ಯಾವುದೋ ಬೀದಿಯಲ್ಲಿ ಆ ತಾಯಿ ಕೂತಿದ್ದಳು. ಟಿಪ್ಪಣಿಯಲ್ಲಿ ಆಕೆಗೆ ಹೆಸರಿಲ್ಲ. ಯಾವ ಊರಿಂದ ಹಡಗು ಹತ್ತಿ ಬಂದಿದ್ದಳೋ, ಮಗನನ್ನ ಏನಂತ ಕರೆಯುತ್ತಿದ್ದಳೋ. ಆಕೆಯ ದುಃಖ ಒಂದು ಪತ್ರಿಕೆಯ ಪುಟ ಹತ್ತಿ ಸಮುದ್ರ ದಾಟಿ, ಕೆಲಸವಿಲ್ಲದೆ ಅಡುಗೆಮನೆಯಲ್ಲಿ ನಿಂತಿದ್ದ ಒಬ್ಬ ನಟಿಯ ಒಳಗೆ ಅವಳಿಗೇ ಗೊತ್ತಿಲ್ಲದೆ ಕೂತುಬಿಟ್ಟಿತು. ಏಳು ವರ್ಷ ಕಳೆದು ಬರ್ಲಿನ್ನಿನಲ್ಲಿ ಎದ್ದಿತು. ಸದ್ದು ಮಾತ್ರ ದಾರಿಯಲ್ಲೇ ಬಿದ್ದುಹೋಗಿತ್ತು. ಫೋಟೋಕ್ಕೆ ಸದ್ದಿಲ್ಲವಲ್ಲ, ಅದಕ್ಕೇ ಇರಬೇಕು. ಇದು ನನ್ನ ಊಹೆ, ಬ್ರೆಕ್ಟನದಲ್ಲ.

*

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಹೇಳದೆ ಈ ಬರಹ ಮುಗಿಯೋದಿಲ್ಲ.

ನನಗೆ ಹತ್ತೊಂಬತ್ತು ವರ್ಷ ಇದ್ದಾಗ ದೊಡ್ಡಮ್ಮನ ಮಗ ನಾಲೆಯಲ್ಲಿ ಈಜಲು ಹೋಗಿ ತೀರಿಕೊಂಡ. ಇಪ್ಪತ್ನಾಲ್ಕು ವರ್ಷ. ನನಗೆ ಸೈಕಲ್ ಕಲಿಸಿದ ಅಣ್ಣ ಅವನು. ಮೂರನೇ ದಿನ ಮಾತಾಡಿಸಲು ಜನ ಬರುತ್ತಿದ್ದರು. ಎಲ್ಲರೂ ಅಳುತ್ತಿದ್ದರು, ನಾನೂ. ದೊಡ್ಡಮ್ಮ ಅಡುಗೆಮನೆಯಲ್ಲಿ ನಿಂತು ಲೋಟ ಎಣಿಸುತ್ತಿದ್ದರು. "ಅರ್ಧ ಲೀಟರ್ ಸಾಲಲ್ಲ ಕಣೋ, ಇನ್ನೂ ಹತ್ತು ಜನ ಬರ್ತಾರೆ, ಓಡಿಹೋಗಿ ಒಂದು ಲೀಟರ್ ಹಾಲು ತಗೊಂಡು ಬಾ" ಅಂದರು. ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟರು.

ನಾನು ಹಿತ್ತಲಲ್ಲಿ ಅಮ್ಮನ ಹತ್ತಿರ ಅಂದೆ, "ದೊಡ್ಡಮ್ಮಂಗೆ ಏನೂ ಅನ್ನಿಸ್ಲೇ ಇಲ್ವಾ? ಕಲ್ಲು." ಅಡುಗೆಮನೆ ಕಿಟಕಿ ಹಿತ್ತಲಿಗೇ ತೆರೆದಿತ್ತು. ತಿರುಗಿ ನೋಡಿದರೆ ದೊಡ್ಡಮ್ಮ ಅಲ್ಲೇ ನಿಂತಿದ್ದಾರೆ. ಏನೂ ಅನ್ನಲಿಲ್ಲ. ಆಮೇಲೆ ಎಲ್ಲರಿಗೂ ಕೊಟ್ಟ ಹಾಗೆ ನನಗೂ ಕಾಫಿ ತಂದುಕೊಟ್ಟರು.

ಅವರು ಹೋಗಿ ಆರು ವರ್ಷ ಆಯಿತು. ಆ ಮಾತಿಗೆ ಕ್ಷಮೆ ಕೇಳಬೇಕು ಅಂತ ನೂರು ಸಲ ಅಂದುಕೊಂಡಿದ್ದೆ. ಪ್ರತಿ ರಜೆಗೂ ಊರಿಗೆ ಹೋದಾಗ ಅವರು ಮಾಡಿಟ್ಟ ಕೋಡುಬಳೆ ತಿಂದು ಬಂದೆನೇ ಹೊರತು ಕೇಳಲಿಲ್ಲ.

ದೊಡ್ಡಮ್ಮ ಕರೇಜ್ ಅಲ್ಲ. ಅವರು ಯಾವ ಚೌಕಾಸಿಯೂ ಮಾಡಲಿಲ್ಲ, ಅವರ ತಪ್ಪು ಏನೂ ಇರಲಿಲ್ಲ. ಕರೇಜ್ ತಪ್ಪು ಮಾಡಿದವಳು. 1941ರಲ್ಲಿ ಜ್ಯೂರಿಕ್ಕಿನಲ್ಲಿ ಬೇರೆ ನಟಿ ಈ ಪಾತ್ರ ಮಾಡಿದಾಗ ಜನ 'ಅಯ್ಯೋ ಪಾಪ ತಾಯಿ' ಅಂತ ಅತ್ತರು ಅಂತ ಬ್ರೆಕ್ಟ್ ಬೇಸರಪಟ್ಟು ಕೆಲವು ದೃಶ್ಯ ತಿದ್ದಿ ಅವಳನ್ನ ಇನ್ನೂ ಕಠಿಣ ಮಾಡಿದ. ಹೆಲೆನೆ ಆ ಕಠಿಣ ಕರೇಜನ್ನೇ ಆಡಿದಳು. ನಾಣ್ಯ ಸಿಕ್ಕಿದರೆ ಹಲ್ಲಲ್ಲಿ ಕಚ್ಚಿ ನೋಡುವಳು. ಕೊನೆಯ ದೃಶ್ಯದಲ್ಲಿ ಕಟ್ರೀನಳೂ ಸತ್ತು, ಮಣ್ಣು ಮಾಡಲು ರೈತರಿಗೆ ದುಡ್ಡು ಕೊಡುವಾಗ, ಚೀಲದಿಂದ ತೆಗೆದ ನಾಣ್ಯಗಳಲ್ಲಿ ಒಂದನ್ನ ವಾಪಸ್ ಚೀಲಕ್ಕೆ ಹಾಕಿಕೊಂಡು ಉಳಿದದ್ದು ಕೊಡುವಳು. ಅದನ್ನ ಓದಿ ನನಗೆ ಮೈ ಜುಂ ಅಂದಿತು. ಅಷ್ಟಾದರೂ ಬರ್ಲಿನ್ನಿನ ಜನ ಅತ್ತರು. ತಾಯಿ ತಪ್ಪಿತಸ್ಥಳೂ ಹೌದು, ದುಃಖಿಯೂ ಹೌದು. ಒಂದನ್ನ ತೋರಿಸಲು ಇನ್ನೊಂದನ್ನ ಮುಚ್ಚದೆ ಆಡಿದ್ದೇ ಹೆಲೆನೆಯ ದೊಡ್ಡತನ ಅಂತ ನನಗೆ ಅನ್ನಿಸುತ್ತೆ.

ಮತ್ತೆ, ಲೋಟ ಎಣಿಸುವ ಕೈಯನ್ನ ನೋಡಿ ಒಳಗೆ ಏನೂ ಇಲ್ಲ ಅಂತ ತೀರ್ಮಾನ ಮಾಡೋ ನನ್ನಂಥ ಪ್ರೇಕ್ಷಕರಿಗೆ ಆಕೆಯ ಆ ತೆರೆದ ಬಾಯಿ ಒಂದು ಉತ್ತರ. ಇಪ್ಪತ್ತು ಚಿಲ್ಲರೆ ವರ್ಷ ತಡವಾಗಿ ಸಿಕ್ಕಿತು.

*

ಉಳಿದ ಕತೆ ಚುಟುಕಾಗಿ ಹೇಳುತ್ತೇನೆ. 1949ರಲ್ಲೇ ಪೂರ್ವ ಬರ್ಲಿನ್ನಿನಲ್ಲಿ 'ಬರ್ಲಿನರ್ ಎನ್ಸೆಂಬಲ್' ಶುರುವಾಯಿತು. ಅದರ ಮುಖ್ಯಸ್ಥೆ ಬ್ರೆಕ್ಟ್ ಅಲ್ಲ, ಹೆಲೆನೆ! ನಟರಿಗೆ ಮನೆ ಹುಡುಕೋದು, ಊಟದ ವ್ಯವಸ್ಥೆ, ಸರ್ಕಾರದ ಹತ್ತಿರ ಜಗಳ, ಎಲ್ಲ ಆಕೆಯ ತಲೆ ಮೇಲೆ. ದೇಶ ದೇಶ ಅಲೆಯುತ್ತಾ ಸಂಸಾರ ಹೂಡಿದ ಅನುಭವ ಇಲ್ಲಿ ಕೈಹಿಡಿಯಿತೇನೋ. 1954ರಲ್ಲಿ ತಂಡಕ್ಕೆ ಶಿಫ್‌ಬಾವರ್‌ಡಾಮ್ ದಂಡೆಯ ರಂಗಮಂದಿರ ಸಿಕ್ಕಿತು, ಅದೇ ವರ್ಷ ಪ್ಯಾರಿಸ್ಸಿನಲ್ಲಿ 'ಮದರ್ ಕರೇಜ್' ಆಡಿ ಜಗತ್ತಿಗೆಲ್ಲ ಹೆಸರಾಯಿತು. ಮುಂದೆ 1961ರಲ್ಲಿ ಆ ಪ್ರಯೋಗ ಸಿನಿಮಾ ಕೂಡ ಆಯಿತು.

1956ರ ಆಗಸ್ಟ್ 14ರಂದು ಬ್ರೆಕ್ಟ್ ತೀರಿಕೊಂಡ. ಲಂಡನ್ನಿನ ಪ್ರದರ್ಶನಕ್ಕೆ ಎರಡು ವಾರವೂ ಇರಲಿಲ್ಲ. ರದ್ದು ಮಾಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೆಲೆನೆ ತಂಡ ಕರೆದುಕೊಂಡು ಹೋದಳು, ಆಗಸ್ಟ್ 27ರಿಂದ ಪ್ಯಾಲೇಸ್ ಥಿಯೇಟರಿನಲ್ಲಿ ಆಡಿದರು. ಇದನ್ನ ಓದಿದಾಗ ಮತ್ತೆ ನನಗೆ ಕಂಡದ್ದು ಅದೇ ಅಡುಗೆಮನೆ, ಅದೇ ಲೋಟಗಳು.

ಅಲ್ಲಿಂದ ಹದಿನೈದು ವರ್ಷ, ಸಾಯುವವರೆಗೂ, ಆ ರಂಗಮಂದಿರ ನಡೆಸಿದಳು. ಬ್ರೆಕ್ಟನ ಹಸ್ತಪ್ರತಿಗಳನ್ನ ಒಟ್ಟುಮಾಡಿ ಇಟ್ಟಳು. ಎಲ್ಲ ಚೆನ್ನಾಗಿತ್ತು ಅಂತಲ್ಲ. ಅರವತ್ತರ ದಶಕದ ಕೊನೆಗೆ ತಂಡದ ಒಳಗೇ ಮನಸ್ತಾಪ ಬಂದು ಮುಖ್ಯ ನಿರ್ದೇಶಕ ಮಾನ್‌ಫ್ರೆಡ್ ವೆಕ್‌ವೆರ್ತ್ 1969ರಲ್ಲಿ ಬಿಟ್ಟುಹೋದ. 1971ರ ವಸಂತದಲ್ಲಿ ಪ್ಯಾರಿಸ್ ಪಕ್ಕದ ನಾಂತೇರ್‌ನಲ್ಲಿ ಕೊನೆಯದಾಗಿ ರಂಗ ಹತ್ತಿದಳು. ಯಾವ ಪಾತ್ರ ಅಂತೀರಿ? 1932ರಲ್ಲಿ ಆಡಿದ್ದ ಅದೇ 'ತಾಯಿ', ಪೆಲಗೇಯಾ ವ್ಲಾಸೋವಾ. ಆಗ ಬಣ್ಣ ಬಳಿದುಕೊಂಡು ಮುದುಕಿಯಾಗಿದ್ದಳು, ಈಗ ಬಣ್ಣ ಬೇಕಾಗಿರಲಿಲ್ಲ. 1971ರ ಮೇ 6ರಂದು ಬರ್ಲಿನ್ನಿನಲ್ಲಿ ತೀರಿಕೊಂಡಳು, ಎಪ್ಪತ್ತೊಂದು ತುಂಬಲು ಆರು ದಿನ ಬಾಕಿ. ತಾವು ಇದ್ದ ಶೌಸೆ ರಸ್ತೆಯ ಮನೆಯ ಪಕ್ಕದ ಸ್ಮಶಾನದಲ್ಲೇ ಗಂಡ ಹೆಂಡತಿ ಮಲಗಿದ್ದಾರೆ.

ನಿನ್ನೆ ಮಧ್ಯಾಹ್ನ ಊಟ ಆದಮೇಲೆ ಮತ್ತೆ ಆ ನಾಲ್ಕು ಕಂಬಗಳ ಕೆಳಗೆ ಹೋಗಿ ನಿಂತಿದ್ದೆ. ಭಾರತೀಯರ ಕಂಬ ಯಾವುದು ಅಂತ ನೋಡಿದೆ. ನಾಲ್ಕೂ ಒಂದೇ ಥರ ಇವೆ, ಗೊತ್ತಾಗಲಿಲ್ಲ. ಸಂಜೆ ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರ ಆ ಹಿತ್ತಲಿನ ವಿಷಯ ಎತ್ತಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ ರಾತ್ರಿ ಹೊತ್ತು ಕೊಟ್ಟಿಗೇಲಿ ಹೋಗಿ ಕೂತ್ಕೊಳ್ತಿದ್ಲು ಕಣೋ, ನಿಂಗ್ ಗೊತ್ತಿರ್ಲಿಲ್ಲ" ಅಂದಳು.

ಇಷ್ಟೇ. ತುಂಬಾ ದಿನದ ಮೇಲೆ ಬರೆದದ್ದು, ಸ್ವಲ್ಪ ಉದ್ದ ಆಯಿತು. ನಿಮ್ಮ ಮನೆಯಲ್ಲೂ ಹೀಗೆ ಕೂಗದೆ ಕೂಗಿದವರು ಇದ್ದರೆ, ಅವರಿನ್ನೂ ಇದ್ದರೆ, ಕಾಮೆಂಟ್ ಆಮೇಲೆ ಹಾಕಿ. ಮೊದಲು ಅವರನ್ನ ಮಾತಾಡಿಸಿ ಬನ್ನಿ.